ಅಮಾಸಿಗೊಮ್ಮೆ ನಡೆದ ಗೋಡೆ

ಅಳತೆಯ ಕೆಲಸದಲ್ಲಿ ಇದು ತಪ್ಪಿದ್ದಲ್ಲ: ‘ನಿಂತದ್ದು ನಿಂತಲ್ಲೇ ಇದೆ’ ಎಂದು ನೀವು ಬರೆದಿಟ್ಟ ದಿನವೇ ಅದಕ್ಕೆ ಕಾಲು ಬರುತ್ತದೆ.

೧. ತಲೆಕೆಳಗಿನ ತಮ್ಮ

ಎಂಬತ್ತರ ದಶಕ. ಮಸ್ಕಿಯ ಕಡೆ ಹಳ್ಳದ ಮೇಲೆ ಕಾಲುವೆ ನೀರು ದಾಟಿಸುವ ಕಲ್ಲಿನ ಗೋಡೆಯೊಂದಿತ್ತು. ಅದು ಸರಿಯುತ್ತಿದೆಯೇ ಎಂದು ಕಾಯುವುದು ನನ್ನ ಕೆಲಸ. ಸಿಮೆಂಟ್ ಕಂಬದ ಮೇಲೆ ಥಿಯೊಡೊಲೈಟ್ ಎಂಬ ಅಳತೆಯ ಯಂತ್ರ ಕೂಡಿಸಿ, ಗೋಡೆಗೆ ಬಳಿದ ಕೆಂಪು ಗುರುತುಗಳನ್ನು ವಾರಕ್ಕೊಮ್ಮೆ ನೋಡಿ ಬರೆದುಕೊಳ್ಳುತ್ತಿದ್ದೆ. ಜನ ಅದನ್ನು ದುರ್ಬೀನು ಎನ್ನುತ್ತಿದ್ದರು. ಆಗಿನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗು.

ಬಂಗಾಳಿ ನಿರಾಶ್ರಿತರು ನೆಲೆಸಿದ್ದ ಆರ್.ಎಚ್. ಕ್ಯಾಂಪಿನ ಮುದಿ ರೈತನೊಬ್ಬ ಹಟ ಹಿಡಿದು ಇಣುಕಿದ. ಕಾಲುವೆ ದಂಡೆಯ ಮೇಲೆ ಅವನ ತಮ್ಮ ಆಕಾಶಕ್ಕೆ ಪಾದ ಊರಿ, ಸದ್ದಿಲ್ಲದೆ ನಡೆದು ಬರುತ್ತಿದ್ದ. ಮುದುಕ ಹಿಂದೆ ಸರಿದ.

“ಸಾಹೇಬ್ರ, ನನ್ನ ತಮ್ಮ ಅದಾನೋ, ಹೋಗ್ಯಾನೋ?”

“ಅದಾನ. ನಿನಗ ಬುತ್ತಿ ತರಾಕತ್ತಾನ.”

“ಹಂಗ ತಂದ್ರ ಮೀನಿನ ಸಾರು ಎಲ್ಲಿ ಉಳೀತೈತ್ರಿ?”

೨. ಗುಡ್ಡವೂ ಹೊರಟಿತು

ಒಂದು ಮುಂಜಾನೆ ನೋಡಿದರೆ ಗುರುತುಗಳೆಲ್ಲ ಎರಡು ಬೆರಳು ಎಡಕ್ಕೆ! ಗಾಳಿಯಿಲ್ಲ, ಹಕ್ಕಿಯ ದನಿಯಿಲ್ಲ. ಗೋಡೆಯ ಮೇಲೆ ನೀರು ಮಾತ್ರ ಗೊಣಗುತ್ತಿತ್ತು. ಕಾಲುವೆಯ ಗೇಟು ಇಳಿಸಿ ನೀರು ನಿಲ್ಲಿಸಲೇಬೇಕೆಂದು ಚೀಟಿ ಬರೆದೆ. ಅದೇ ಮುದುಕ ಕೈಮುಗಿದ: “ನೆಲ್ಲಿನ ಹೊಟ್ಟ್ಯಾಗ ತೆನಿ ಕಟ್ಟಾಕತ್ತೈತ್ರಿ. ಈಗ ನೀರು ನಿಲ್ಲಿಸಿದ್ರ ಬರೀ ಜೊಳ್ಳು ಕೊಯ್ಬೇಕಾಗ್ತೈತಿ.”

“ನಿಯಮ ಅಂದ್ರ ನಿಯಮ,” ಎಂದೆ.

ಚೀಟಿ ಕಳಿಸುವ ಮುಂಚೆ, ಕ್ರಮದ ಪ್ರಕಾರ, ದುರ್ಬೀನನ್ನು ದೂರದ ಮಸ್ಕಿ ಗುಡ್ಡದ ಗುರುತಿಗೆ ತಿರುಗಿಸಿದೆ. ಗುಡ್ಡವೂ ಸರಿದಿತ್ತು!

ಗುಡ್ಡ ನಡೆಯುವುದಿಲ್ಲ. ಹಾಗಾದರೆ ಜರುಗಿದ್ದು ನಮ್ಮ ದುರ್ಬೀನು. ಅಳತೆಯ ಚೈನ್ ಹಿಡಿಯುವ ಆಳನ್ನು ಕರೆದೆ. “ಯಾರು ಮುಟ್ಟಿದ್ರು ಇದನ್ನ?”

“ಯಾರೂ ಮುಟ್ಟಿಲ್ರಿ. ನಿನ್ನಿ ಅಮಾಸಿ ಅಲ್ರಿ, ಕಂಬಕ್ಕ ಒಂದು ಕಾಯಿ ಒಡದೀನಿ, ಅಷ್ಟ.”

ಲಾರಿಗೆ, ಅಂಗಡಿಗೆ ಒಡೆಯುತ್ತಾರಲ್ಲ, ಹಾಗೆ! “ಎಷ್ಟು ಏಟಿಗೆ ಒಡೀತು?”

“ಐದು ಏಟಿಗ್ರಿ. ಕಾಯಿಗಿಂತ ಕಂಬನ ಮೆತ್ತಗ ಐತ್ರಿ.”

ದುರ್ಬೀನನ್ನು ಸಡಿಲಿಸಿ, ಮಟ್ಟ ತೋರಿಸುವ ಗುಳ್ಳೆಯನ್ನು ನಡುವಿಗೆ ತಂದು, ಗುಡ್ಡದ ಗುರುತಿಗೆ ಹೊಂದಿಸಿ ಬಿಗಿದೆ. ಗೋಡೆ ತನ್ನ ಜಾಗಕ್ಕೆ ಬಂತು. ಚೀಟಿ ಹರಿದೆ.

೩. ಕಾಯಿ ನಿಷೇಧ

ಕಂಬದ ಹತ್ತಿರ ಕಾಯಿ ತರಕೂಡದೆಂದು ಲಿಖಿತ ಆದೇಶ ಹೊರಡಿಸಿದೆ. ಮುಂದಿನ ಅಮಾವಾಸ್ಯೆ ಕಳೆದ ಮರುದಿನ ಗುರುತುಗಳು ಮತ್ತೆ ಎಡಕ್ಕೆ!

“ಒಡದಿ ಏನಲೇ?”

“ನಿಮ್ಮಾಣಿ ಇಲ್ರಿ.”

ಗುಡ್ಡ ನೋಡಿದೆ. ಕದಲಿರಲಿಲ್ಲ. ಎರಡು ಸಲ, ಮೂರು ಸಲ ನೋಡಿದೆ. ಈ ಸಲ ಗೋಡೆಯೇ ನಡೆಯುತ್ತಿತ್ತು.

ಮುದುಕನ ಮುಖ ನೋಡದೆ ಗೇಟು ಇಳಿಸಿದೆ. ಗೋಡೆಯ ಬುಡ ಅಗೆದರೆ ಒಬ್ಬ ಆಳು ಕೂಡುವಷ್ಟು ಪೊಳ್ಳು. ಒಂದು ವಾರ ಹಗಲೆಲ್ಲ ಕಲ್ಲು, ಗಾರೆ ತುಂಬಿಸಿದೆವು. ಕ್ಯಾಂಪಿನವರು ಗದ್ದೆಯ ಬದು ಕಟ್ಟಿ ಇದ್ದ ನೀರನ್ನು ಹನಿ ಪೋಲಾಗದಂತೆ ಕಾದರು. ಎಂಟನೆಯ ದಿನ ಮುದುಕ ಒಂದು ತೆನೆ ತಂದು ನನ್ನ ಮುಂದೆ ಹಿಸುಕಿದ. ಹಾಲು ಬಂತು; ಜೊಳ್ಳಾಗಿರಲಿಲ್ಲ.

ನೀರು ಬಿಡಿಸಲು ಲಿಂಗಸುಗೂರಿನಿಂದ ಮೇಲಧಿಕಾರಿಗಳೇ ಬಂದರು. ದೆವ್ವ, ದೇವರು ಎರಡನ್ನೂ ನಂಬದ, ನನಗಿಂತ ಕಟ್ಟುನಿಟ್ಟಿನ ಮನುಷ್ಯ. ಲೆಕ್ಕವೆಲ್ಲ ನೋಡಿ, ಗೋಡೆಯನ್ನು ಬಹಳ ಹೊತ್ತು ದಿಟ್ಟಿಸಿ, ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: “ಗೇಟು ಎತ್ತೂ ಮುಂದ ಒಂದು ಕಾಯಿ ಒಡಸಿಬಿಡ್ರಿ.”

“ಸಾರ್, ಕಂಬಕ್ಕ ಏಟು ಬೀಳಬಾರದು.”

“ಎಲ್ಲ್ಯಾರ ಒಡಸ್ರೀ. ಗೋಡಿಗೆ ಕೇಳಿಸಿದ್ರ ಸಾಕು!”