ಹಾಲು ಹಾಕುವ ಮನೆಯ ಹಾಲಿಲ್ಲದ ಚೀಸು

ಹಾಲು ಮಾರುವ ಮನೆಯಲ್ಲಿ ಹಾಲಿಲ್ಲದ ಅಡುಗೆಗೆ ಕೈಹಾಕಿದವರಿಗೆ ನಗುವ ಸಂದರ್ಭಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಒಲೆಯ ಬಳಿ ಬಂದು ಕೂರುತ್ತವೆ.

ಕಟ್ಟೆಮಳಲವಾಡಿಯ ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸುಗಳಿವೆ. ಬೆಳಿಗ್ಗೆ ಸಂಜೆ ಊರಿನ ಡೈರಿಗೆ ಹಾಲು ಹಾಕುತ್ತೇವೆ. ಅಲ್ಲಿ ಹಾಲು ಪರೀಕ್ಷಿಸುವ ಕಾರ್ಯದರ್ಶಿಗಳು ಪ್ರತಿದಿನವೂ, “ಫ್ಯಾಟು ಕಮ್ಮಿ ಕಣವ್ವ” ಎಂದು ಬೆಲೆ ಇಳಿಸುತ್ತಾರೆ. ನಮ್ಮತ್ತೆಯವರು ಆ ಮಾತನ್ನು ಮನೆಗೆ ತಂದು ಒಂದು ಗಂಟೆ ಕುದಿಯುತ್ತಾರೆ.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಏಳು ವರ್ಷದ ಮೊಮ್ಮಗಳಿಗೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಆಗದು. ಒಂದು ತೊಟ್ಟು ಬಾಯಿಗೆ ತಗುಲಿದರೂ ಮೈತುಂಬ ದದ್ದು ಏಳುತ್ತದೆ. ಗೆಳತಿಯೊಬ್ಬಳ ಹುಟ್ಟುಹಬ್ಬದಲ್ಲಿ ಮಕ್ಕಳೆಲ್ಲ ಮ್ಯಾಕರೋನಿ ಚೀಸ್, ಅಂದರೆ ಚೀಸಿನಲ್ಲಿ ಹೊರಳಿಸಿದ ಕೊಳವೆಯಂಥ ಶ್ಯಾವಿಗೆ, ತಿನ್ನುತ್ತಿದ್ದಾಗ ಇವಳು ಬಾಳೆಹಣ್ಣು ಹಿಡಿದು ಮೂಲೆಯಲ್ಲಿ ಕುಳಿತಿದ್ದಳಂತೆ.

“ಅಜ್ಜೀ, ನನ್ನ ಹುಟ್ಟುಹಬ್ಬುಕ್ಕೆ ಎಲ್ರೂ ತಿನ್ನೋದ್ನೇ ನಾನೂ ತಿನ್ಬೇಕು.”

ಆಗಲಿ ಎಂದುಬಿಟ್ಟೆ.

ಬರೀ ತೂತು

ಹುಣಸೂರಿನ ಅಂಗಡಿಯೊಂದರಲ್ಲಿ, ಗಿರಾಕಿಗಳು ಚದುರುವವರೆಗೂ ಕಾದು ನಿಂತು, ಯಾರಿಗೂ ಕೇಳಿಸದಂತೆ, “ಹಾಲಿಲ್ಲದ ಚೀಸು ಇದೆಯೇ?” ಎಂದೆ. ಅಂಗಡಿಯವರು ಒಳಗಿದ್ದ ಹೆಂಡತಿಗೆ ಬೀದಿಗೆಲ್ಲ ಕೇಳಿಸುವಂತೆ ಕೂಗಿದರು: “ಅಮ್ಮೀ, ಹಾಲಿಲ್ದಿರೋ ಚೀಸು ಐತಾ?” ಹೋದ ಗಿರಾಕಿಗಳು ಅಷ್ಟೂ ಮಂದಿ ತಿರುಗಿ ನೋಡಿದರು. ನನಗೆ ಸಕ್ಕರೆ ಮೂಟೆಯ ಹಿಂದೆ ಅಡಗುವಂತಾಯಿತು.

“ಹಾಲಿರೋ ಚೀಸ್ನೇ ಇಟ್ಟಿಲ್ಲ ಕಣಕ್ಕ, ಇಲ್ದಿರೋದ್ನ ಎಲ್ಲಿಂದ ತರ್ಲಿ? ಮ್ಯಾಕರೋನಿ ಐತೆ, ತಕೊಳಿ. ಅದ್ರೊಳಗೆ ಹಾಲೂ ಇಲ್ಲ, ಚೀಸೂ ಇಲ್ಲ, ಬರೀ ತೂತು!”

ಬಸಿದ ನೀರು

ಮೊದಲು ಒಂದು ಹಿಡಿ ಮ್ಯಾಕರೋನಿಯನ್ನು ಬೇಯಿಸಿ ನೋಡೋಣವೆಂದು ಬೇಯಿಸಿ, ನೀರನ್ನು ಬಸಿದಿಟ್ಟೆ. ಬಸಿದ ನೀರನ್ನು ಚೆಲ್ಲಿದ ಪಾಪ ನಮ್ಮತ್ತೆಯವರಿಗೆ ಇದುವರೆಗೂ ಅಂಟಿಲ್ಲ. ನಾನು ಹಿತ್ತಲಿಗೆ ಹೋಗಿ ಬರುವುದರೊಳಗೆ ಖಾರ ರುಬ್ಬಿ, ಒಗ್ಗರಣೆ ಕೊಟ್ಟು, ಸೊಪ್ಪು ಬಸಿದ ನೀರಿನಲ್ಲಿ ಮಾಡುವಂತೆಯೇ ಆ ನೀರಿನಿಂದ ಬಸ್ಸಾರು ಮಾಡಿ ಇಳಿಸಿದ್ದರು.

ನಮ್ಮ ಯಜಮಾನರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿ, “ಯಾವ ಸೊಪ್ಪವ್ವ ಇದು? ಸಂದಾಗೈತೆ” ಎಂದರು.

“ಹುಣಸೂರ್ ಸೊಪ್ಪು ಕಣ್ಲಾ,” ಎಂದರು ಅತ್ತೆ, “ಒಳಗೆ ತೂತಿರ್ತದೆ.”

ಅತ್ತೆಯವರ ಕೈ

ಹುಟ್ಟುಹಬ್ಬದ ದಿನ ಬಂತು. ಸೊಸೆ ಫೋನು ನೋಡಿ ಓದಿ ಹೇಳಿದಂತೆ ಆಲೂಗಡ್ಡೆ, ಕ್ಯಾರೆಟ್, ನೆನೆಸಿದ ಗೋಡಂಬಿ, ಬೆಳ್ಳುಳ್ಳಿಗಳನ್ನು ಬೇಯಿಸಿ ನುಣ್ಣಗೆ ರುಬ್ಬಿ, ನಿಂಬೆರಸ ಹಿಂಡಿದೆ. ಬೆಂದ ಮ್ಯಾಕರೋನಿಯನ್ನು ಅದರಲ್ಲಿ ಹೊರಳಿಸಿದಾಗ ಫೋನಿನ ಚಿತ್ರದಲ್ಲಿದ್ದ ಹಳದಿ ಬಣ್ಣವೇ ಬಂತು. ಸೊಸೆಯನ್ನು ಕರೆದು ತೋರಿಸಲೆಂದು ಎದ್ದೆ. ಅಷ್ಟರಲ್ಲಿ ಅತ್ತೆಯವರು ಪಾತ್ರೆ ಇಳಿಸಿದರು. ಒಲೆಯಿಂದ ಇಳಿದ ಪಾತ್ರೆಗೆ ಒಂದು ಮಿಳ್ಳೆ ತುಪ್ಪ ಬಿಡುವುದು ಅವರ ಐವತ್ತು ವರ್ಷಗಳ ಅಭ್ಯಾಸ. ಬಿಟ್ಟೇಬಿಟ್ಟರು.

ಬಿಟ್ಟ ಮೇಲೆ ನನ್ನ ಮುಖ ನೋಡಿ ಮಿಳ್ಳೆಯನ್ನು ಕೆಳಗಿಟ್ಟರು. “ಅಯ್ಯೋ, ನಂಗೆ ಗೊತ್ತು ಕಣವ್ವ, ಈ ಕೈಗೆ ಗೊತ್ತಿಲ್ಲ!”

ಮಕ್ಕಳು ಬರಲು ಎರಡೇ ಗಂಟೆ ಉಳಿದಿತ್ತು. ಆ ಪಾತ್ರೆ ಪಕ್ಕದ ಮನೆಗೆ ಹೋಯಿತು. ತುಪ್ಪದ ಜಾಡಿಯೂ ಅದರ ಹಿಂದೆಯೇ ಹೋಯಿತು. ಬೇರೆ ಪಾತ್ರೆ ತಿಕ್ಕಿ, ಮೊದಲಿನಿಂದ ಶುರುಮಾಡಿದೆ. ಅತ್ತೆಯವರು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮಣೆಯ ಮೇಲೆ ಕುಳಿತರು. ಮೂಗಿನ ಮೇಲೆ ನೊಣ ಕುಳಿತಾಗಲೂ ಕೈ ತೆಗೆಯಲಿಲ್ಲ.

“ನೀನೇ ಓಡ್ಸವ್ವ. ಈ ಕೈನ ನಂಬಕಾಗಾಕಿಲ್ಲ.”

ಫ್ಯಾಟು

ಸಂಜೆ ಆರು ಮಂದಿ ಮಕ್ಕಳು ಬಂದರು. ಏಳು ತಟ್ಟೆಗಳಿಗೂ ಒಂದೇ ಪಾತ್ರೆಯಿಂದ ಬಡಿಸಿದೆ. ಮೊಮ್ಮಗಳು ತನ್ನ ತಟ್ಟೆಯನ್ನೂ ಪಕ್ಕದವಳ ತಟ್ಟೆಯನ್ನೂ ಎರಡೆರಡು ಬಾರಿ ನೋಡಿ, ಒಂದೇ ಎಂದು ಖಾತ್ರಿಯಾದ ಮೇಲೆ ತಿಂದಳು. ಮತ್ತೆ ಹಾಕಿಸಿಕೊಂಡಳು. ನಾನು ಅವಳ ತೋಳನ್ನೇ ನೋಡುತ್ತಿದ್ದೆ. ಒಂದು ದದ್ದೂ ಏಳಲಿಲ್ಲ.

ಆ ಹೊತ್ತಿಗೆ ಡೈರಿ ಮುಚ್ಚಿ ಹೊರಟಿದ್ದ ಕಾರ್ಯದರ್ಶಿಗಳು ಬಾಗಿಲಲ್ಲಿ ಇಣುಕಿದರು. ಬಂದವರಿಗೆ ಕೊಡದೆ ಇರಲಾದೀತೇ? ಅವರಿಗೂ ಒಂದು ತಟ್ಟೆ ಕೊಟ್ಟೆ. ಅವರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು.

“ಚೀಸು ಅಂದ್ರೆ ಇದು ಕಣವ್ವ! ಏನ್ ಜಿಡ್ಡು, ಏನ್ ಫ್ಯಾಟು! ನಿಮ್ಮ ಹಸೀನ ಹಾಲ್ದೇ ಅಲ್ವಾ?”

“ಅದ್ರಲ್ಲಿ ಹಾಲೇ ಇಲ್ಲ ಮಾಮ, ಆಲೂಗಡ್ಡೆ!” ಎಂದು ಮೊಮ್ಮಗಳು ಕುಣಿದಳು. “ಅದುಕ್ಕೇ ನಾನೂ ತಿಂದೆ!”

ಮಧ್ಯಾಹ್ನದಿಂದ ಸೆರಗಿನಲ್ಲಿದ್ದ ಕೈಗಳನ್ನು ಅತ್ತೆಯವರು ಆಗ ಹೊರತೆಗೆದು, ಕಾರ್ಯದರ್ಶಿಗಳಿಗೆ ಮುಗಿದರು.

“ಆಲೂಗಡ್ಡೇಲಿ ಇಷ್ಟು ಫ್ಯಾಟು ಕಂಡ್ರಲ್ಲ ಸ್ವಾಮಿ, ನಾಳೆ ನಮ್ಮ ಹಸೀನ ಹಾಲ್ನಾಗೂ ವಸಿ ಕಾಣ್ಲಿ!”