ಭಾವನ ರೆಕ್ಕೆ, ನನ್ನ ಪೆನ್ಸಿಲ್ ಗೆರೆ

ನಮ್ಮ ಭಾವನವರಿಗೆ ಈ ಲೋಕದಲ್ಲಿ ಒಬ್ಬನೇ ಒಬ್ಬ ಶತ್ರು ಇದ್ದ. ಅವನ ಹೆಸರು ಉಪ್ಪು. ಬೇರೆಯವರು ದಾಯಾದಿಗಳ ಮೇಲೆ ಇಟ್ಟುಕೊಳ್ಳುವ ದ್ವೇಷವನ್ನೆಲ್ಲ ಅವರು ಉಪ್ಪಿನ ಮೇಲೆ ಇಟ್ಟುಕೊಂಡಿದ್ದರು. ಮನೆಗೆ ಬಂದವರಿಗೆ ಮೊದಲು ‘ಕೂತ್ಕೊಳ್ಳಿ’ ಅನ್ನುತ್ತಿರಲಿಲ್ಲ. ‘ಎಲ್ಲಿ, ಕೈ ತೋರಿಸಿ’ ಅನ್ನುತ್ತಿದ್ದರು. ಬೆವರಿದ ಕೈ, ಉಪ್ಪಿನಕಾಯಿ ತಿಂದ ಕೈ, ಹುಣಿಸೆಹಣ್ಣು ಕಿವುಚಿದ ಕೈ ಯಾವುದೂ ಅವರ ಶೆಡ್ಡಿನ ಬಾಗಿಲು ದಾಟುವಂತಿರಲಿಲ್ಲ. ಯಾಕೆ ಅಂತೀರಾ? ಆ ಶೆಡ್ಡಿನೊಳಗೆ ಅವರು ವಿಮಾನ ಕಟ್ಟುತ್ತಿದ್ದರು!

ನಗಬೇಡಿ, ನಿಜವಾದ ವಿಮಾನ. ಎರಡು ಸೀಟು, ಒಂದು ಎಂಜಿನ್ನು, ಮೈಯೆಲ್ಲ ಅಲ್ಯೂಮಿನಿಯಂ, ಉಪ್ಪು ತಾಗಿದರೆ ಸವೆದುಹೋಗುವಂಥದ್ದು. ಯಾರೋ ಶ್ರೀಮಂತರು ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಬಿಡಿಭಾಗ ತರಿಸಿ, ಪೆಟ್ಟಿಗೆ ತೆರೆಯುವಷ್ಟರಲ್ಲೇ ಬೇಸರವಾಗಿ ಕೈಬಿಟ್ಟಿದ್ದ ಕಿಟ್ಟು ಅದು. ಅದನ್ನು ಭಾವ ಮಾರೇನಹಳ್ಳಿಗೆ ತಂದಿಳಿಸಿದರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ವಿಜಯನಗರದ ಆ ಕಡೆಯೆಲ್ಲ ರಾಗಿ ಹೊಲಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದವು. ಜನ ಸಾಲ ಸೋಲ ಮಾಡಿ ಮನೆ ಕಟ್ಟುತ್ತಿದ್ದರೆ, ನಮ್ಮ ಭಾವ ಮನೆಯ ಪಕ್ಕದ ಖಾಲಿ ಜಾಗದಲ್ಲಿ ರೆಕ್ಕೆ ಕಟ್ಟುತ್ತಿದ್ದರು. ಅವರು ಮೂವತ್ತು ವರ್ಷ ವಿಮಾನ ಕಾರ್ಖಾನೆಯಲ್ಲಿ ದುಡಿದವರು. ಭಾನುವಾರಗಳಲ್ಲಿ ಹಾರುವುದನ್ನೂ ಕಲಿತು ಲೈಸೆನ್ಸು ಪಡೆದಿದ್ದವರು. ಆದರೆ ತಮ್ಮ ಕೈಯಾರೆ ಕಟ್ಟಿದ ವಿಮಾನವನ್ನು ತಾವೇ ಹಾರಿಸಿದ್ದಿಲ್ಲ. ಆ ಒಂದು ಆಸೆ ಉಳಿದಿತ್ತು.

ಶೆಡ್ಡಿನ ಮುಂದೆ ಒಂದು ಬಕೆಟ್ ನೀರು, ಸೋಪು, ಟವೆಲ್ಲು ಸದಾ ಸಿದ್ಧವಾಗಿರುತ್ತಿತ್ತು. ಬಂದವರೆಲ್ಲ ಅಲ್ಲಿ ನಿಂತು ಮೊಣಕೈವರೆಗೆ ತೊಳೆದುಕೊಳ್ಳಬೇಕು. ಎದುರು ಮನೆಗೆ ಹೊಸದಾಗಿ ಬಂದ ಮೇಷ್ಟರು ಒಂದು ವಾರ ಈ ದೃಶ್ಯ ನೋಡಿದರು. ಗಂಡಸರು ಬರುತ್ತಾರೆ, ಬಾಗಿಲಲ್ಲೇ ಕೈ ತೊಳೆಯುತ್ತಾರೆ, ಗಂಭೀರವಾಗಿ ಒಳಗೆ ಹೋಗುತ್ತಾರೆ. ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಮುಖ ಬಾಡಿಸಿಕೊಂಡು ಬಂದು, ಯಜಮಾನರು ಹೋಗಿ ಎಷ್ಟು ದಿನವಾಯಿತಮ್ಮ ಎಂದು ಅಕ್ಕನನ್ನು ಕೇಳಿದರು.

ಅಕ್ಕ ಹೇಳಿದಳಂತೆ, “ಹೋಗಿಲ್ಲ ಸಾರ್. ಒಳಗೆ ರೆಕ್ಕೆ ಉಜ್ತಾ ಇದಾರೆ.”

ಮೇಷ್ಟರ ಹೆಂಡತಿ ಇದನ್ನು ಕೇಳಿ, ಪಾಪ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಜೋರಾಗಿ ಅತ್ತರಂತೆ. ಅಳದೆ ಏನು ಮಾಡ್ತಾರೆ?

ಆಯುಧಪೂಜೆ ಬಂತೆಂದರೆ ಆ ಮನೆಯಲ್ಲಿ ಯುದ್ಧ. ಅರಿಶಿನ, ಕುಂಕುಮ, ನಿಂಬೆಹಣ್ಣು ಹಿಡಿದು ಅಕ್ಕ ಬಾಗಿಲಲ್ಲಿ ನಿಂತರೆ ಭಾವ ಎರಡು ಕೈ ಚಾಚಿ ಅಡ್ಡ ನಿಲ್ಲುವರು. ಕುಂಕುಮದಲ್ಲಿ ಸುಣ್ಣ ಇದೆ, ನಿಂಬೆ ಅಂದರೆ ಆಸಿಡ್ಡು, ಕುಂಬಳಕಾಯಿ ಒಡೆದ ನೀರು ಸಂದಿಗೆ ಇಳಿದರೆ ಅಲ್ಯೂಮಿನಿಯಂ ಒಳಗೊಳಗೇ ಬೂದಿಯಾಗುತ್ತದೆ ಎಂದು ಅವರ ವಾದ. ಪೂಜೆಯಿಲ್ಲದೆ ಮೇಲೆ ಹೋದರೆ ಕೆಳಗೆ ಬರುವುದು ಹೇಗೆ ಅನ್ನುವುದು ಅಕ್ಕನ ವಾದ. ಕೊನೆಗೆ ರಾಜಿಯಾಯಿತು. ಮುಂದಿನ ಪ್ರೊಪೆಲ್ಲರು ಮರದ್ದು, ಪೂಜೆಯೆಲ್ಲ ಅದಕ್ಕೆ. ಅಕ್ಕ ಇಡೀ ವಿಮಾನದ ಪಾಲಿನ ಅರಿಶಿನ ಕುಂಕುಮವನ್ನು ಆ ಒಂದು ಪ್ರೊಪೆಲ್ಲರಿಗೇ ಮೆತ್ತಿ, ಅದು ಊರ ಮಾರಮ್ಮನಂತೆ ಕಾಣುವ ಹಾಗೆ ಮಾಡಿದಳು.

ಈಗ ನನ್ನ ವಿಷಯ ಹೇಳಬೇಕು. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆದರೆ ತಗಡಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಆಗ ರಾಜಾಜಿನಗರದಲ್ಲೇ ಇರಲಿಲ್ಲ. ಇದು ಜಂಬ ಅಲ್ಲ. ಹೋಗಲಿ, ಜಂಬವೇ ಅನ್ನಿ. ಹನ್ನೊಂದನೇ ವಯಸ್ಸಿಗೆ ಸುತ್ತಿಗೆ ಹಿಡಿದು, ಸ್ವಂತ ಅಂಗಡಿ ಹಾಕಿ, ಟ್ರಂಕು, ಬಕೆಟ್ಟು, ಹಾಲಿನ ಕ್ಯಾನು ಮಾಡಿ ಸಂಸಾರ ನಿಲ್ಲಿಸಿದವನು. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಅದರಲ್ಲಿ ಒಂದು ಗೆರೆ, ಗೆರೆಯ ಮೇಲೆ ಕತ್ತರಿ. ನನ್ನ ವಿದ್ಯೆ ಅಷ್ಟೆ. ನಾನು ಮಾಡಿದ ಬಕೆಟ್ಟು ಸೋರಿದ್ದನ್ನು ಯಾರೂ ನೋಡಿಲ್ಲ.

ಎರಡು ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಒಬ್ಬ ಹೊರಗಿನಿಂದ ಹೊಡೆಯಬೇಕು, ಇನ್ನೊಬ್ಬ ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಆದ್ದರಿಂದ ಭಾವ ನನ್ನನ್ನು ಕರೆದರು. ಪ್ರತಿ ಭಾನುವಾರ ತಿಂಡಿ ತಿಂದು ಸೈಕಲ್ಲು ಹತ್ತಿ ಹೋಗುತ್ತಿದ್ದೆ. ಮೊದಲ ದಿನವೇ ಅವರು ನನ್ನ ಕಿವಿಯಿಂದ ಪೆನ್ಸಿಲ್ಲನ್ನು ಕಿತ್ತು ಕಿಟಕಿಯಲ್ಲಿಟ್ಟರು. ಕೈಗೊಂದು ಸ್ಕೆಚ್ ಪೆನ್ನು ಕೊಟ್ಟರು. ಪೆನ್ಸಿಲ್ಲಿನ ಕಪ್ಪು ಅಲ್ಯೂಮಿನಿಯಮ್ಮಿನ ಮೇಲೆ ಕೂತು, ಮೇಲೊಂದಿಷ್ಟು ತೇವ ಬಿದ್ದರೆ, ಆ ಗೆರೆಯುದ್ದಕ್ಕೂ ಲೋಹವನ್ನು ತಿಂದುಕೊಂಡು ಹೋಗುತ್ತದಂತೆ. ಕಾರ್ಖಾನೆಯಲ್ಲಿ ಪೆನ್ಸಿಲ್ ತಂದವನನ್ನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರಂತೆ.

ನನಗೆ ಮೈ ಉರಿಯಿತು. ಉಪ್ಪಿನಕಾಯಿ ಆಯಿತು, ಕುಂಕುಮ ಆಯಿತು, ಈಗ ಪೆನ್ಸಿಲ್ಲಾ? ಶಾಲೆಯಲ್ಲೂ ಯಾರೂ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಿರಲಿಲ್ಲ!

ಆ ವರ್ಷವೇ ಭಾವನ ಕಣ್ಣು ಕೆಟ್ಟಿದ್ದು ಗೊತ್ತಾಯಿತು. ನರ ಒಣಗುತ್ತಿದೆ, ಇನ್ನು ಎರಡು ವರ್ಷ, ಹೆಚ್ಚೆಂದರೆ ಮೂರು ವರ್ಷ ನೋಟ ಇರುತ್ತದೆ ಅಂದರು ಡಾಕ್ಟರು. ಹಾರುವವರಿಗೆ ವರ್ಷ ವರ್ಷವೂ ಕಣ್ಣಿನ ಪರೀಕ್ಷೆ. ಅದರಲ್ಲಿ ಫೇಲಾದ ದಿನ ಲೈಸೆನ್ಸೂ ಇಲ್ಲ, ಆಸೆಯೂ ಇಲ್ಲ. ಭಾವ ಯಾರ ಮುಂದೆಯೂ ಕೊರಗಲಿಲ್ಲ. ಭಾನುವಾರ ಒಂದು ಗಂಟೆ ಬೇಗ ಬಾ ಅಂದರು, ಅಷ್ಟೆ.

ಒಂದು ಭಾನುವಾರ ಅಕ್ಕ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ನಾನೊಬ್ಬನೇ ಎಡರೆಕ್ಕೆಯ ಒಳಮೈಗೆ ಗುರುತು ಹಾಕುತ್ತಿದ್ದೆ. ನಡುವೆ ಸ್ಕೆಚ್ ಪೆನ್ನು ಒಣಗಿತು. ಕಿಟಕಿಯಲ್ಲಿ ನನ್ನ ಪೆನ್ಸಿಲ್ಲು ಕೂತಿತ್ತು. ಒಳಮೈ ತಾನೆ, ಯಾರು ನೋಡುತ್ತಾರೆ? ಏಳಡಿ ಉದ್ದಕ್ಕೆ ಒಂದೇ ಉಸಿರಿನಲ್ಲಿ ಗೆರೆ ಎಳೆದೆ. ಪಕ್ಕದಲ್ಲಿ ಇನ್ನೆರಡು. ಭಾವ ಕಣ್ಣಿಗೆ ಔಷಧ ಬಿಡಿಸಿಕೊಂಡು, ಎಲ್ಲ ಮಂಜು ಮಂಜು ಎನ್ನುತ್ತ ಬಂದರು. ಗೆರೆ ಎಲ್ಲ ಒರೆಸಿದೆಯಾ ಎಂದು ಕೇಳಿದರು. ಒರೆಸಿದೆ ಭಾವ ಅಂದೆ. ಒರೆಸಿರಲಿಲ್ಲ. ಅವರ ಕಣ್ಣಿಗೆ ಅವತ್ತು ಅದನ್ನು ನೋಡುವ ಶಕ್ತಿ ಇರಲಿಲ್ಲ, ಅವರು ನನ್ನ ಮಾತನ್ನು ನಂಬಿದರು. ಅವತ್ತೇ ನಾನು ಅದರ ಮೇಲೆ ತುಕ್ಕು ತಡೆಯುವ ಹಳದಿ ಬಣ್ಣ ಬಳಿದೆ, ಮುಂದಿನ ವಾರ ಇಬ್ಬರೂ ಸೇರಿ ರಿವೆಟ್ ಹೊಡೆದು ರೆಕ್ಕೆ ಮುಚ್ಚಿದೆವು.

ಎರಡು ಮಳೆಗಾಲ ಕಳೆಯಿತು. ವಿಮಾನ ವಿಮಾನದ ಹಾಗೆ ಕಾಣತೊಡಗಿತು. ಹಾರಲು ಅಪ್ಪಣೆ ಕೊಡುವ ಮೊದಲು ಪರೀಕ್ಷೆ ಮಾಡಲು ಒಬ್ಬ ಆಫೀಸರು ಬಂದರು. ಅಕ್ಕ ಕೇಸರಿಬಾತ್ ಮಾಡಿದ್ದಳು. ಭಾವ ಆಫೀಸರ ಕೈಯನ್ನೂ ಬಿಡದೆ ತೊಳೆಸಿದರು! ಆತ ನಗುತ್ತಲೇ ತೊಳೆದುಕೊಂಡು, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ಟಾರ್ಚಿನ ಜೊತೆ ರೆಕ್ಕೆಯ ಕೆಳಗಿನ ಕಿಂಡಿಯೊಳಗೆ ತೂರಿಸಿದರು. ಬಲರೆಕ್ಕೆ ಚೆನ್ನಾಗಿತ್ತು. ಎಡರೆಕ್ಕೆಯಲ್ಲಿ ಕನ್ನಡಿ ನಿಂತುಬಿಟ್ಟಿತು. ನಗುವೂ ನಿಂತಿತು. ಒಳಗೆ ಬಣ್ಣ ಗುಳ್ಳೆಯೆದ್ದು, ಗುಳ್ಳೆಯೊಡೆದು, ಬಿಳಿ ಪುಡಿ ಸುರಿದಿತ್ತು. ಎಲ್ಲೆಂದರಲ್ಲಿ ಅಲ್ಲ. ಗೆರೆಯಾಗಿ.

ಆಫೀಸರು ಕೇಳಿದರು, “ಪೆನ್ಸಿಲ್‌ನಲ್ಲಿ ಮಾರ್ಕ್ ಮಾಡಿದ್ದು ಯಾರು?”

ಭಾವ ಕನ್ನಡಿ ಇಸಿದುಕೊಂಡು, ಕಿಂಡಿಗೆ ಕಣ್ಣು ತಾಗುವಷ್ಟು ಹತ್ತಿರ ಹೋಗಿ ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು, “ನಾನೇ ಸಾರ್” ಅಂದರು.

“ನೀವಾ? ಮೂವತ್ತು ವರ್ಷ ಸರ್ವಿಸ್ ಮಾಡಿದೋರು ನೀವು.”

“ವಯಸ್ಸಾಯ್ತು ಸಾರ್. ಮರ್ತೋಯ್ತು.”

ನಾನು ಎರಡು ಮಾರು ದೂರದಲ್ಲಿದ್ದೆ. ನನ್ನ ಬಾಯಿಗೆ ಯಾರೋ ರಿವೆಟ್ ಹೊಡೆದಂತೆ ನಿಂತಿದ್ದೆ. ಭಾವ ಹೇಳಿದ್ದು ಮರೆವು ಅಂದುಕೊಂಡೆ, ಕಣ್ಣು ಕಾಣದೆ ಗೆರೆ ತಮ್ಮದೇ ಇರಬೇಕು ಎಂದು ನಂಬಿದ್ದಾರೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಯಾರೂ ನನ್ನ ಕೆಲಸಕ್ಕೆ ಬೆರಳು ತೋರಿಸಿದ್ದಿಲ್ಲವಲ್ಲ, ಅದು ಹಾಗೇ ಉಳಿಯಲಿ ಎಂದು ಸುಮ್ಮನಾದೆ.

ರೆಕ್ಕೆ ಬಿಚ್ಚಬೇಕಾಯಿತು. ನಾನೇ ಬಿಚ್ಚಿದೆ. ಒಂದೊಂದು ರಿವೆಟ್ಟನ್ನೂ ಕೊರೆದು ತೆಗೆಯುವಾಗ ಹಲ್ಲು ಕೀಳುತ್ತಿರುವ ಹಾಗೆ ಅನ್ನಿಸುತ್ತಿತ್ತು. ಆ ಜಾತಿಯ ಅಲ್ಯೂಮಿನಿಯಂ ಹಾಳೆ ಊರಲ್ಲಿ ಸಿಗುವಂಥದ್ದಲ್ಲ, ಮತ್ತೆ ಹಡಗಿನಲ್ಲೇ ಬರಬೇಕು. ಕಾಗದ ಬರೆದದ್ದು, ಪರ್ಮಿಟ್ಟಿಗೆ ಅಲೆದದ್ದು, ಕಾದದ್ದು, ಎಲ್ಲ ಸೇರಿ ಒಂದೂವರೆ ವರ್ಷ. ಹಾಳೆ ಬಂದು ಇಳಿದ ತಿಂಗಳೇ ಭಾವ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದರು. ಆದರೂ ನಾವು ರೆಕ್ಕೆ ಮುಗಿಸಿದೆವು. ಅವರು ಕೈಯಲ್ಲಿ ತಡವಿ ತಡವಿ ಪರೀಕ್ಷಿಸಿದರು, ನಾನು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದೆ.

ಬೇರೆ ಯಾರಾದರೂ ಹಾರಿಸಲಿ ಅಂದಳು ಅಕ್ಕ. ಭಾವ ಒಪ್ಪಲಿಲ್ಲ. ಕೊನೆಗೆ ಎಂಜಿನಿಯರಿಂಗ್ ಓದುವ ಹುಡುಗರು ನೋಡಿ ಕಲಿಯಲಿ ಎಂದು ಒಂದು ಕಾಲೇಜಿಗೆ ಕೊಟ್ಟರು. ಲಾರಿ ಬಂದ ದಿನ ರೆಕ್ಕೆಗಳನ್ನು ಹಳೆ ಕಂಬಳಿಯಲ್ಲಿ ಸುತ್ತಿ ಏರಿಸಿದೆವು. ಲಾರಿ ಹೊರಟಿತು, ತಿರುವಿನ ಕೆಸರಿನಲ್ಲಿ ಸಿಕ್ಕಿಕೊಂಡು ಗೋಳಾಡತೊಡಗಿತು. ಭಾವ ಶೆಡ್ಡಿನಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಕೂತು, ಹೋಯ್ತಾ ಎಂದು ಕೇಳಿದರು.

ಹೋಯ್ತು ಭಾವ ಅಂದೆ.

“ಸುಳ್ಳು ಹೇಳ್ಬೇಡ. ಸದ್ದು ಕೇಳಿಸ್ತಾ ಇದೆ.”

ಅವರ ಪಕ್ಕದಲ್ಲಿ ಕೂತೆ. ಲಾರಿ ಕೆಸರಿನಿಂದ ಎದ್ದು, ಅದರ ಸದ್ದು ದೂರವಾಯಿತು. ಆಮೇಲೆ ಹೇಗೋ ಬಾಯಿ ಬಿಟ್ಟೆ.

“ಭಾವ, ಆ ಪೆನ್ಸಿಲ್ ಗೆರೆ...”

“ಗೊತ್ತು ಕಣೋ. ಅವತ್ತು ಕನ್ನಡೀಲಿ ನೋಡ್ದಾಗ್ಲೇ ಗೊತ್ತಾಯ್ತು.”

“ಮತ್ತೆ ನಾನೇ ಅಂತ ಯಾಕೆ ಅಂದ್ರಿ?”

ಭಾವ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದರು. “ಏಳಡಿ ಉದ್ದ. ಕೂದಲಷ್ಟೂ ಸೊಟ್ಟ ಇಲ್ಲ. ಮೂವತ್ತು ವರ್ಷದಲ್ಲಿ ಅಂಥ ಗೆರೆ ಎಳೆದೋನನ್ನ ನಾನು ನೋಡಿಲ್ಲ ಕಣೋ. ಆ ಗೆರೆನ ತೋರ್ಸಿ, ಇದು ಇವನ ತಪ್ಪು ಅಂತ ಇನ್ನೊಬ್ಬರಿಗೆ ಹೆಂಗೆ ಹೇಳ್ಲಿ?”

ಭಾವ ನಾನು ಕೂತ ಕಡೆಗೆ ಮುಖ ತಿರುಗಿಸಿದರು.

“ಭಾನುವಾರ ಬರ್ತೀಯಾ?”

“ಏನು ಕೆಲ್ಸ ಭಾವ?”

“ಕೆಲ್ಸ ಏನಿಲ್ಲ. ಸುಮ್ನೆ ಬಾ.”