ಬೆಳದಿಂಗಳು ಫೇಸ್‌ಪ್ಯಾಕ್

ನೆಲಕ್ಕೆ ಹಾಕುವ ರೆಡ್ ಆಕ್ಸೈಡನ್ನು ಮುಖಕ್ಕೆ ಹಚ್ಚಬಾರದು. ಇಷ್ಟು ಸಣ್ಣ ವಿಷಯವನ್ನೂ ಯಾರಿಗಾದರೂ ಹೇಳಿಕೊಡಬೇಕೇ? ಹೇಳಿಕೊಡಬೇಕು. ನಿಟ್ಟುವಳ್ಳಿಯ ಮೀನಾಕ್ಷಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದರ ಫಲವನ್ನು ಅವಳ ಅಣ್ಣ ಅಂಜನಕುಮಾರ ಉಣ್ಣಬೇಕಾಯಿತು.

ಮೀನಾಕ್ಷಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಫೇಸ್‌ಪ್ಯಾಕ್ ತಯಾರಿಸಿ ಮಾರುತ್ತಿದ್ದಳು. ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ ಡಬ್ಬಿಗಳ ಪಕ್ಕದಲ್ಲೇ ಮುಲ್ತಾನಿ ಮಿಟ್ಟಿ, ಬಿಳಿ ಜೇಡಿಮಣ್ಣು, ಜಿಂಕ್ ಆಕ್ಸೈಡ್ ಪುಡಿಗಳು ಕೂತಿದ್ದವು. ಎಲ್ಲವನ್ನೂ ಜರಡಿ ಹಿಡಿದು, ಬೆರೆಸಿ, ಪ್ಯಾಕೆಟ್ಟಿಗೆ ತುಂಬಿ ‘ಬೆಳದಿಂಗಳು, ದಾವಣಗೆರೆ’ ಎಂದು ಚೀಟಿ ಅಂಟಿಸುತ್ತಿದ್ದಳು. ಗುಲಾಬಿ ಬಣ್ಣಕ್ಕೆಂದು ಒಂದು ಚಿಟಿಕೆ ಐರನ್ ಆಕ್ಸೈಡ್ ಹಾಕುವುದು ರೂಢಿ. ಈ ಸಲ ಆನ್‌ಲೈನಿನಲ್ಲಿ ತರಿಸಿದ್ದು ಸಮಯಕ್ಕೆ ಬರಲಿಲ್ಲ. ಮಹಿಳಾ ಮೇಳದಲ್ಲಿ ಸ್ಟಾಲ್ ಬೇರೆ ಹಿಡಿದಾಗಿತ್ತು. ಅವಳು ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ತಂದುಬಿಟ್ಟಳು.

“ಅದೂ ಐರನ್ ಆಕ್ಸೈಡೇ, ಇದೂ ಐರನ್ ಆಕ್ಸೈಡೇ. ಕೆಮಿಸ್ಟ್ರಿನಾಗೆ ಎರಡೂ ಒಂದೇ” ಎಂದು ತನಗೆ ತಾನೇ ಹೇಳಿಕೊಂಡಳು. ಚಿಟಿಕೆಗೆ ಬಣ್ಣ ಸಾಲಲಿಲ್ಲವೆಂದು ಒಂದು ಚಮಚ ಸುರಿದಳು. ಮೇಳದಲ್ಲಿ ಪ್ಯಾಕೆಟ್ಟುಗಳೆಲ್ಲ ಬಿಸಿ ಮಿರ್ಚಿಯಂತೆ ಖರ್ಚಾದವು. ಕೊನೆಯಲ್ಲಿ ಒಂದೇ ಒಂದು ಉಳಿಯಿತು. ಅದು ಅಣ್ಣನ ಪಾಲಿಗೆ ಬಂತು.

ಅಂಜನಕುಮಾರ ದಾವಣಗೆರೆಯದೇ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಮದುವೆಯ ವಯಸ್ಸು ಬಂದು, ಕೂತು, ಬೇಜಾರಾಗಿ ಎದ್ದು ಹೋಗುವ ಹಂತದಲ್ಲಿತ್ತು. ಅಷ್ಟರಲ್ಲಿ ಹರಿಹರದ ಸುನೀತಾಳ ಸಂಬಂಧ ಬಂತು. ಲೋಕಿಕೆರೆಯಲ್ಲಿದ್ದ ಅಪ್ಪ ಅವ್ವ ಹೋಗಿ ನೋಡಿ ಒಪ್ಪಿ ಬಂದಿದ್ದರು. ಫೋನಿನಲ್ಲಿ ಇಬ್ಬರೂ ಎರಡು ಮೂರು ಸಲ ಮಾತಾಡಿದ್ದರು. ಅವಳ ನಗು ಕೇಳಿದ ಮೇಲೆ ಅಂಜನಕುಮಾರನಿಗೆ ಬೇರೆ ಯಾವ ಹುಡುಗಿಯೂ ಬೇಡವಾಗಿತ್ತು. ಇನ್ನು ಉಳಿದದ್ದು ಹುಡುಗ ಹುಡುಗಿ ಎದುರು ಬದುರು ಕೂತು ಮಾತಾಡುವುದು. ಅದಕ್ಕೆ ಈ ಭಾನುವಾರ ಸಂಜೆ, ಹರಿಹರದ ಅವರ ಮನೆ ಎಂದು ನಿಗದಿಯಾಗಿತ್ತು. ಹುಡುಗಿಯ ಅಪ್ಪ ಗೋಣೆಪ್ಪ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಮಾತು ಒಂದೇ ಏಟಿನದು: “ಭಾನುವಾರ ತಪ್ಪಿದ್ರೆ ಸೋಮವಾರ ರಾಣೆಬೆನ್ನೂರಿನೋರು ಬರ್ತಾರೆ. ಆಮೇಲೆ ನಮ್ಮನ್ನ ಅನ್ನಬ್ಯಾಡ್ರಿ.”

ಶನಿವಾರ ರಾತ್ರಿ ಕನ್ನಡಿ ನೋಡಿದರೆ ಹಣೆ, ಮೂಗು, ಕೆನ್ನೆ, ಎಲ್ಲ ಕಡೆ ಮೊಡವೆ.

“ಇದನ್ನ ಕಲಸಿ ಮೊಡವೆ ಮ್ಯಾಲೆ ಒಂದೊಂದು ಬೊಟ್ಟು ಇಟ್ಕೊಂಡು ಮಲಗಣ್ಣ. ಬೆಳಿಗ್ಗೆ ತೊಳೆದ್ರೆ ಮುಖ ಬೆಳದಿಂಗಳು” ಎಂದಳು ಮೀನಾಕ್ಷಿ.

ಬೆಳಿಗ್ಗೆ ತೊಳೆದ. ಜೇಡಿಮಣ್ಣು ಹೋಯಿತು, ಮುಲ್ತಾನಿ ಹೋಯಿತು, ಬೊಟ್ಟು ಮಾತ್ರ ಹೋಗಲಿಲ್ಲ. ಸೋಪು ಹಾಕಿದ, ಕಡಲೆಹಿಟ್ಟು ತಿಕ್ಕಿದ, ನಿಂಬೆಹಣ್ಣು ಉಜ್ಜಿದ. ಉಜ್ಜಿದಷ್ಟೂ ಸುತ್ತಲಿನ ಚರ್ಮ ಕೆಂಪಾಗಿ ಬೊಟ್ಟು ಇನ್ನಷ್ಟು ದಪ್ಪಗೆ ಕಂಡಿತು.

“ಏನು ಹಾಕಿದ್ದೆ ಇದಕ್ಕೆ?” ಎಂದು ಗದರಿದ. ಮೀನಾಕ್ಷಿ ಹೆದರುತ್ತಾ ಹೇಳಿದಳು.

“ನೆಲದ ಬಣ್ಣಾನಾ? ಲೇ, ಲೋಕಿಕೆರೆ ಮನಿ ಪಡಸಾಲೆಗೆ ಅಜ್ಜ ಹಾಕಿಸಿದ್ದು ಇನ್ನೂ ಹೋಗಿಲ್ಲ! ನನ್ನ ಮುಖದ್ದು ಯಾವಾಗ ಹೋಗ್ಬೇಕು?”

“ಚರ್ಮ ಹೊಸದು ಬಂದಂಗೆ ತಾನೇ ಹೋಗ್ತೈತಣ್ಣ. ಒಂದು ವಾರ ಆಗಬೋದು.”

ಅಂಜನಕುಮಾರ ತಲೆಯ ಮೇಲೆ ಕೈ ಹೊತ್ತು ಬಾಗಿಲಲ್ಲಿ ಕೂತ. ಕೂತದ್ದೇ ತಪ್ಪಾಯಿತು. ಎದುರು ಮನೆಯ ನಾಗಕ್ಕ ಅಂಗಳಕ್ಕೆ ನೀರು ಹಾಕುತ್ತಿದ್ದವಳು ಇವನ ಮುಖ ನೋಡಿ ಚೊಂಬು ಕೆಳಗೆ ಬಿಟ್ಟಳು.

“ಅಯ್ಯೋ ನನ್ನವ್ವಾ! ಅಂಜನಪ್ಪಗೆ ಅಮ್ಮ ಎದ್ದಾಳೆ!”

“ಸಿಡುಬೂ ಅಲ್ಲ, ಅಮ್ಮನೂ ಅಲ್ಲ ನಾಗಕ್ಕ, ಪೌಡ್ರು...”

“ಶ್! ಹಂಗೆಲ್ಲ ಅನಬ್ಯಾಡ. ತಾಯಿಗೆ ಸಿಟ್ಟು ಬರ್ತೈತಿ. ಮೊದ್ಲು ತಪ್ಪಾತು ಅಂತ ಗಲ್ಲ ಬಡ್ಕೋ.”

“ಮೀನಾಕ್ಷಿ ಮಾಡಿದ ಫೇಸ್‌ಪ್ಯಾಕ್ ನಾಗಕ್ಕ, ದೇವರಾಣೆ!”

“ಅದನ್ನ ನಾನೂ ಹಚ್ಚೀನಿ, ಇಡೀ ಓಣಿ ಹಚ್ಚೈತಿ. ನನ್ನ ಮುಖ ಹೆಂಗೈತೆ ನೋಡು. ಪಾಪದ ಹುಡುಗಿ ಮ್ಯಾಲೆ ಯಾಕ ಹಾಕ್ತಿ?”

ಓಣಿಯವರು ಹಚ್ಚಿದ್ದು ಹಳೇ ಪ್ಯಾಕೆಟ್ಟಿನದು ಎಂದು ವಿವರಿಸುವಷ್ಟರಲ್ಲಿ ನಾಗಕ್ಕ ಬೇವಿನ ಸೊಪ್ಪು ತರಲು ಹೋಗಿಯಾಗಿತ್ತು. ಅವಳು ಕೆಟ್ಟವಳಲ್ಲ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಅವರಿಗಿಂತ ಮೊದಲು ಇವಳು ನರಳುತ್ತಿದ್ದಳು. ಅರ್ಧ ಗಂಟೆಯೊಳಗೆ ಬಾಗಿಲಿಗೆ ಬೇವು ಬಂತು, ಅಂಜನಕುಮಾರನ ಹಾಸಿಗೆಗೆ ಬೇವು ಬಂತು, ಜೇಬಿಗೂ ಎರಡು ಎಸಳು ಬಂತು. ಅಕ್ಕಪಕ್ಕದ ಮನೆಗಳಲ್ಲಿ ಒಗ್ಗರಣೆ ನಿಂತಿತು. ಹೆಂಗಸರು ಮಜ್ಜಿಗೆ, ಮೊಸರನ್ನ ಹಿಡಿದು ಬಂದು ಕೈ ಮುಗಿದರು. ಅಂಜನಕುಮಾರನಿಗೆ ಹುಟ್ಟಿದ ಮೇಲೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೂಲೆಮನೆಯ ಕಲ್ಲಪ್ಪನವರು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಅವರಾದರೂ ಸತ್ಯ ಹೇಳಿಯಾರೆಂದು ಕರೆಸಿದ. ಕಲ್ಲಪ್ಪನವರು ಕನ್ನಡಕ ಏರಿಸಿ ದೂರದಲ್ಲೇ ನಿಂತು ನೋಡಿದರು.

“ಜ್ವರ ಐತಾ?”

“ಇಲ್ರಿ.”

“ತುರಿಕೆ?”

“ಇಲ್ರಿ ಸಾರ್.”

“ಜ್ವರ ಇಲ್ಲ, ತುರಿಕೆ ಇಲ್ಲ. ಒಳಗೇ ಐತೆ ಅಂದಂಗಾತು. ಇದು ಭಾಳ ಖರಾಬು. ಹೊರಗೆ ಎಲ್ಲೂ ಬಿಡಬ್ಯಾಡ್ರಿ.”

ನಾಗಕ್ಕ ತಕ್ಷಣ ಗೂಟದಲ್ಲಿದ್ದ ಬೈಕಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಹರಿಹರಕ್ಕೆ ಹೋಗದಿದ್ದರೆ ಹುಡುಗಿ ಕೈತಪ್ಪಿ ಹೋಗುತ್ತಾಳೆ ಎಂದು ಅಂಜನಕುಮಾರ ಗೋಗರೆದ. “ಅಮ್ಮ ಇಳೀಲಿ, ದುಗ್ಗಮ್ಮಗೆ ಎಡೆ ಕೊಟ್ಟು ಇದಕ್ಕಿಂತ ಚೆಂದದ ಹುಡುಗಿ ನಾನೇ ನೋಡ್ತೀನಿ” ಎಂದಳು ನಾಗಕ್ಕ.

ಅಂಜನಕುಮಾರ ತಂಗಿಯನ್ನು ಒಳಗೆ ಕರೆದ. “ನೀನು ಬಾಯಿ ಬಿಟ್ಟು ಹೇಳೇ. ನಾನು ಹೇಳಿದ್ರೆ ಯಾರೂ ನಂಬವಲ್ರು. ನೆಲದ ಬಣ್ಣ ಹಾಕಿದ್ದು ಖರೆ ಅಂತ ನೀನೇ ಅವರಿಗೆ ಹೇಳು.”

ಮೀನಾಕ್ಷಿಯ ಕಣ್ಣು ತುಂಬಿದವು. “ಹೇಳಿದ್ರೆ ನಾಳೆಯಿಂದ ನನ್ನ ಒಂದು ಪ್ಯಾಕೆಟ್ಟೂ ಹೋಗಂಗಿಲ್ಲಣ್ಣ. ಎರಡು ವರ್ಷ ಕಷ್ಟಪಟ್ಟೀನಿ.”

ಅವನಿಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ತಂಗಿಯ ಕಣ್ಣೀರಿನ ಮುಂದೆ ಅವನ ಸಿಟ್ಟು ಯಾವತ್ತೂ ಗೆದ್ದಿರಲಿಲ್ಲ. “ಹೋಗ್ಲಿ ಬಿಡು” ಎಂದ.

ಮಧ್ಯಾಹ್ನ ನಾಗಕ್ಕ ಊಟಕ್ಕೆ ಹೋದಾಗ ಮಾಸ್ಕ್ ಹಾಕಿಕೊಂಡು ಹಿತ್ತಲ ಗೋಡೆ ಹಾರಿದ. ಆ ಕಡೆ ಬಿಲಾಲನ ಆಟೋ ನಿಂತಿತ್ತು. ಮಾಸ್ಕಿನ ಮೇಲೆ ಹಣೆಯ ಬೊಟ್ಟುಗಳು ಸಾಲಾಗಿ ಕಾಣುತ್ತಿದ್ದವು.

“ಬರ್ರಿ ಅಂಜನ್ ಭಾಯ್, ನನಗೆ ಸಣ್ಣೋನಿದ್ದಾಗ್ಲೇ ಆಗಿ ಹೋಗೈತೆ, ಡರ್ ಇಲ್ಲ” ಎಂದ ಬಿಲಾಲ್.

“ಇದು ಅದಲ್ಲೋ ಮಾರಾಯ, ಪೌಡ್ರು!”

“ಹ್ಞೂಂ ಹ್ಞೂಂ, ಪೌಡ್ರು. ಮೊದಲು ಎಲ್ಲಾರೂ ಹಂಗೇ ಅಂತಾರೆ. ಸುಮ್ನೆ ಕೂಡ್ರಿ, ಗಾಳಿ ಬಡೀಬಾರ್ದು” ಎಂದು ಅವನು ಆಟೋದ ಪರದೆ ಇಳಿಸಿದ.

ಹರಿಹರದ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಂಜನಕುಮಾರ ಹತ್ತಿದ ಮೇಲೆ ಮೂರು ಸೀಟು ಖಾಲಿಯಾದವು. ಒಬ್ಬ ಅಜ್ಜಿ ಕೂತಲ್ಲಿಂದಲೇ ಕೈ ಮುಗಿದು ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕಂಡಕ್ಟರ್ ದೂರದಿಂದಲೇ, “ಹಿಂದೆ ಹೋಗ್ರಿ, ಹಿಂದೆ! ಚೇಂಜ್ ಇಲ್ದಿದ್ರೆ ಬ್ಯಾಡ, ಹರಿಹರದಾಗೆ ಇಳೀರಿ ಸಾಕು” ಎಂದ. ಅಂಜನಕುಮಾರ ಇಡೀ ಸೀಟಿನಲ್ಲಿ ಒಬ್ಬನೇ ಕೂತು ಅಳು ಬರುವಂತಾಗಿ ಕಿಟಕಿಯ ಕಡೆ ತಿರುಗಿದ. ಸುನೀತಾ ಈ ಮುಖ ನೋಡಿ ಬಾಗಿಲು ಹಾಕಿಕೊಂಡರೆ ಏನು ಮಾಡುವುದು? ಪೌಡರ್ ಎಂದರೆ ಅವಳಾದರೂ ನಂಬುತ್ತಾಳೆಯೇ? ಜಗತ್ತಿನಲ್ಲಿ ಒಬ್ಬರಾದರೂ ನಂಬಿದರೆ ಸಾಕು ಅನ್ನಿಸಿತು.

ಹರಿಹರದಲ್ಲಿ ಗೋಣೆಪ್ಪನವರೇ ಬಾಗಿಲು ತೆಗೆದರು. ಅಂಜನಕುಮಾರ ಮಾಸ್ಕ್ ಕೆಳಗಿಳಿಸಿದ. ಗೋಣೆಪ್ಪ ಹಿಂದೆ ಸರಿಯಲಿಲ್ಲ, ಮುಂದೆ ಬಂದರು. ಕಳ್ಳಮಾಲು ಸಿಕ್ಕಂತೆ ಬೊಟ್ಟುಗಳನ್ನು ಹತ್ತಿರದಿಂದ ಪರೀಕ್ಷಿಸಿದರು.

“ಸುನೀತಾ, ಬಾರವ್ವ ಇಲ್ಲಿ! ಇವರದ್ದೂ ಅದೇ ಇದ್ದಂಗೈತೆ!”

ಸುನೀತಾ ಬಂದಳು. ಅವಳ ಎರಡೂ ಕೆನ್ನೆಯ ಮೇಲೆ, ಗಲ್ಲದ ಮೇಲೆ, ಅದೇ ಕೆಂಪಿನ, ಅದೇ ಅಳತೆಯ ಬೊಟ್ಟುಗಳು. ಇವನ ಮುಖ ನೋಡಿ, ತನ್ನದು ಮರೆತು, ಫೋನಿನಲ್ಲಿ ನಗುತ್ತಿದ್ದ ಹಾಗೇ ನಕ್ಕುಬಿಟ್ಟಳು.

“ನಿಮಗೂ ಫೇಸ್‌ಪ್ಯಾಕಾ?” ಎಂದಳು.

ಅಂಜನಕುಮಾರನ ಎದೆ ಹಗುರಾಯಿತು. ನಂಬುವ ಜನ! ನೋಡಿದ ಕೂಡಲೇ ನಂಬುವ ಮನೆ! ಹೌದು ಎನ್ನಲು ಬಾಯಿ ತೆರೆದ.

“ಹೌದು ಅನ್ರಿ ಸಾಕು” ಎಂದರು ಗೋಣೆಪ್ಪ, ಅಂಗಿಯ ತೋಳು ಮಡಚುತ್ತಾ. “ಇವಳ ಗೆಳತಿ ದಾವಣಗೆರೆ ಮೇಳದಾಗೆ ತಂದು ಕೊಟ್ಟಾಳೆ. ಬೆಳದಿಂಗಳು ಅಂತೆ, ಬೆಳದಿಂಗಳು! ಫೋನ್ ನಂಬರಿಲ್ಲ, ವಿಳಾಸ ಇಲ್ಲ. ಮಾಡಿದಾಕೆ ಯಾರು ಅಂತ ಗೊತ್ತಾಗ್ಲಿ, ಸ್ಟೇಷನ್ನಿನಾಗೆ ಕೂಡ್ರಿಸಿ ಇದೇ ಪುಡೀನ ಇಡೀ ಮುಖಕ್ಕೆ ಬಳೀತೀನಿ. ನೀವೆಲ್ಲಿ ತಗೊಂಡ್ರಿ? ಜಾಗ ತೋರಿಸ್ರಿ. ಕಾರು ಐತೆ, ಈಗ್ಲೇ ಹೋಗೋಣ.”

ಅಂಜನಕುಮಾರ ತೆರೆದ ಬಾಯಿ ಮುಚ್ಚಿದ. ಮೀನಾಕ್ಷಿಯ ತುಂಬಿದ ಕಣ್ಣು ನೆನಪಾಯಿತು. ತಂಗಿಯನ್ನು ಸ್ಟೇಷನ್ನಿಗೆ ಕಳಿಸಿ ಮದುವೆಯಾಗುವುದು ಹೇಗೆ? ಅಂಗಡಿಯಲ್ಲಿ ಕೊಂಡೆ ಎಂದರೆ ಅಂಗಡಿ ತೋರಿಸು ಎನ್ನುತ್ತಾರೆ. ಉಳಿದದ್ದು ಒಂದೇ ದಾರಿ. ಜೇಬಿನಲ್ಲಿದ್ದ ಬೇವಿನ ಎಸಳು ತೆಗೆದು ಕೈಯಲ್ಲಿ ಹಿಡಿದ.

“ಇದು ಪೌಡ್ರಲ್ರಿ” ಎಂದ. “ಅಮ್ಮ.”

ಗೋಣೆಪ್ಪನವರ ಮಡಚಿದ ತೋಳು ತಾನಾಗಿ ಕೆಳಗಿಳಿಯಿತು. ಎರಡೂ ಕೈ ಜೋಡಿಸಿದರು. “ಅಮ್ಮ ಮೈಮ್ಯಾಲೆ ಇಟ್ಕೊಂಡು, ಕೊಟ್ಟ ಮಾತು ಉಳಿಸಾಕೆ ಇಲ್ಲಿಗೆ ಬಂದ್ರಾ? ನೋಡವ್ವ ಸುನೀತಾ, ಮನುಷ್ಯ ಅಂದ್ರೆ ಇವರು!”

“ರಾಣೆಬೆನ್ನೂರಿನೋರು ಬರೋದು ಬ್ಯಾಡ ಅಪ್ಪ” ಎಂದಳು ಸುನೀತಾ, ತಲೆ ತಗ್ಗಿಸಿ.

ಅಂಜನಕುಮಾರನ ಕಾಲು ನೆಲಕ್ಕೆ ಹತ್ತಲಿಲ್ಲ. ಸುಳ್ಳೇ ಇರಲಿ, ಒಂದು ವಾರದಲ್ಲಿ ಬೊಟ್ಟು ಹೋಗುತ್ತದೆ, ಸುಳ್ಳೂ ಅದರ ಜೊತೆಗೇ ಹೋಗುತ್ತದೆ ಎಂದು ಲೆಕ್ಕ ಹಾಕಿ, “ನಾನಿನ್ನು ಬರ್ತೀನ್ರಿ, ಬಸ್ಸಿಗೆ ಹೊತ್ತಾಗ್ತೈತೆ” ಎಂದು ಹೊರಟ.

“ಬಸ್ಸಾ?” ಗೋಣೆಪ್ಪ ಗದರಿದರು. “ಅಮ್ಮ ಬಂದೋರನ್ನ ಬಸ್ಸಿಗೆ ಹತ್ತಿಸಿದ್ರೆ ನಮಗೆ ಒಳ್ಳೇದಾಗ್ತೈತಾ? ಮನೆ ಬಾಗಿಲ ತನಕ ನಾನೇ ಬಿಟ್ಟು ಬರ್ತೀನಿ.”

“ಬ್ಯಾಡ್ರಿ, ಬ್ಯಾಡ್ರಿ, ಸುಮ್ನೆ ತೊಂದ್ರೆ!”

“ನೀವು ಮಾತಾಡಬ್ಯಾಡ್ರಿ, ಆಯಾಸ ಆಗ್ತೈತೆ.”

ಸುನೀತಾಳೂ ಕಾರು ಹತ್ತಿದಳು. ದಾರಿಯುದ್ದಕ್ಕೂ ಗೋಣೆಪ್ಪ ಕಾರನ್ನು ಹಾಲಿನ ಪಾತ್ರೆ ಹೊತ್ತವರಂತೆ ನಡೆಸಿದರು. ಅಂಜನಕುಮಾರ ಕೈ ಕೈ ಹಿಸುಕಿಕೊಂಡ. ಮತ್ತೆ ತಾನೇ ಸಮಾಧಾನ ಮಾಡಿಕೊಂಡ. ಹೆದರುವುದೇನಿದೆ? ಬಾಗಿಲಿಗೆ ಬೇವು ಕಟ್ಟಿದೆ. ಇಡೀ ಓಣಿ ಅಮ್ಮ ಎಂದು ನಂಬಿ ಕೂತಿದೆ. ನಾಗಕ್ಕನಂಥ ಸಾಕ್ಷಿ ಕೋರ್ಟಿನಲ್ಲೂ ಸಿಗುವುದಿಲ್ಲ. ನಿಟ್ಟುವಳ್ಳಿಯ ತಿರುವಿನಲ್ಲಿ ಅವನು ನಾಗಕ್ಕನನ್ನು ಮನಸ್ಸಿನಲ್ಲೇ ಹರಸಿದ.

ಕಾರು ಓಣಿಯೊಳಗೆ ಬಂತು. ಮನೆಯ ಮುಂದೆ ಓಣಿಯವರೆಲ್ಲ ಸೇರಿದ್ದರು. ಬಾಗಿಲಲ್ಲಿ ಬೇವು ಇರಲಿಲ್ಲ. ಮೆಟ್ಟಿಲ ಮೇಲೆ ಮೀನಾಕ್ಷಿ ನಿಂತಿದ್ದಳು. ಅವಳ ಒಂದು ಕೈಯಲ್ಲಿ ರೆಡ್ ಆಕ್ಸೈಡ್ ಪೊಟ್ಟಣ, ಇನ್ನೊಂದು ಕೈಯಲ್ಲಿ ಅಣ್ಣ ಹಚ್ಚಿ ಉಳಿಸಿದ್ದ ಬೆಳದಿಂಗಳ ಪ್ಯಾಕೆಟ್ಟು, ಮುಖದ ತುಂಬ ಕೆಂಪು ಕೆಂಪು ಬೊಟ್ಟು.

ಕಾರಿನ ಬಾಗಿಲು ತೆರೆಯುವ ಮೊದಲೇ ನಾಗಕ್ಕ ಓಡಿ ಬಂದಳು.

“ಅಂಜನಪ್ಪಾ! ತಪ್ಪಾತಪ್ಪ, ನಮ್ಮದೇ ತಪ್ಪಾತು! ನೀನು ಹೇಳಿದ್ದೇ ಖರೆ! ಅಣ್ಣನ ಸಂಬಂಧ ತಪ್ಪಿ ಹೋಗಬಾರ್ದು ಅಂತ ಮೀನಾಕ್ಷಿ ಎಲ್ಲಾ ಒಪ್ಪಿಕೊಂಡ್ಳು. ನಾವು ನಂಬಲಿಲ್ಲ ಅಂತ ನಮ್ಮೆದುರಿಗೇ ತನ್ನ ಮುಖಕ್ಕೂ ಹಚ್ಕೊಂಡು ತೊಳೆದು ತೋರಿಸಿದ್ಳು! ಅಮ್ಮ ಅಲ್ಲ ಬಿಡು, ಬರೀ ನೆಲದ ಬಣ್ಣ!” ಎಂದವಳೇ ಕಿಟಕಿಯೊಳಗೆ ಬಗ್ಗಿ ಗೋಣೆಪ್ಪನವರಿಗೆ ಕೈ ಮುಗಿದಳು. “ಹುಡುಗಿ ಕಡೆಯೋರೇನ್ರಿ? ಒಂದಿಷ್ಟೂ ಹೆದರಬ್ಯಾಡ್ರಿ, ಹುಡುಗಗೆ ಯಾವ ರೋಗಾನೂ ಇಲ್ಲ. ಅವನ ತಂಗಿ ಮಾಡಿದ ಪುಡಿ ಅದು!”

ಗೋಣೆಪ್ಪ ಕಾರಿನಿಂದ ಇಳಿದು, ಮೆಟ್ಟಿಲ ತನಕ ಹೋಗಿ, ಮೀನಾಕ್ಷಿಯ ಕೈಯ ಪ್ಯಾಕೆಟ್ಟು ತೆಗೆದುಕೊಂಡು ಹೆಸರು ಓದಿದರು. ಆಮೇಲೆ ನಿಧಾನವಾಗಿ ತೋಳು ಮಡಚತೊಡಗಿದರು.

“ಅಮ್ಮನೇ ನಾಗಕ್ಕ!” ಎಂದು ಅಂಜನಕುಮಾರ ಕಾರಿನೊಳಗಿನಿಂದ ಬೇವಿನ ಎಸಳು ಎತ್ತಿ ಹಿಡಿದು ಕೂಗಿದ. “ದೇವರಾಣೆಗೂ ಅಮ್ಮನೇ! ಯಾರಾದ್ರೂ ನಂಬ್ರಿ!”

ಬೆಳಗಿನಿಂದ ಅವನು ಸತ್ಯ ಹೇಳಿದಾಗ ನಂಬದಿದ್ದ ಓಣಿ, ಈಗ ಸುಳ್ಳನ್ನೂ ನಂಬಲಿಲ್ಲ.